ಕೂಸಿನ ಕೌದಿ: ಒಂದು ಹಳೆ ಸೀರೆ, 30 ತುಂಡು, ಎರಡು ರೀಲು ದಾರ

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಕನ್ನಡ ಮನೆಗಳಲ್ಲಿ ಇದಕ್ಕೆ ಕೌದಿ ಎನ್ನುತ್ತಾರೆ. ಪಕ್ಕದ ಮರಾಠಿ ಮನೆಯಲ್ಲಿ ಇದೇ ಗೋಧಡಿ, ಕೆಲವರ ಬಾಯಲ್ಲಿ ವಾಕಳ. ಹೆಸರು ಯಾವುದಾದರೂ ಕೆಲಸ ಒಂದೇ: ಉಟ್ಟು ಸವೆದ ಹತ್ತಿ ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಹಾಸಿ, ಉದ್ದಕ್ಕೂ ಸಣ್ಣ ಟಾಕಿ (ಸೂಜಿಯ ಹೊಲಿಗೆ) ಹಾಕಿ ಒಂದು ಮಾಡುವುದು. ದೊಡ್ಡವರು ಹೊದೆಯುವ ಕೌದಿಗೆ ಕೈ ಹಾಕುವ ಮೊದಲು ಕೂಸಿಗೆ ಹಾಸುವ ಸಣ್ಣದೊಂದನ್ನು ಹೊಲಿಯಿರಿ. ತಪ್ಪುಗಳೆಲ್ಲ ಇದರಲ್ಲೇ ಕಾಣಿಸುತ್ತವೆ, ಬಿಚ್ಚಿ ಸರಿ ಮಾಡಲು ಹೆಚ್ಚು ಹೊತ್ತೂ ಹಿಡಿಯುವುದಿಲ್ಲ.

ಈ ಟಿಪ್ಪಣಿಯ ಅಳತೆಯಲ್ಲಿ ಅಂಚು ಮಡಿಸಿದ ಮೇಲೆ ಕೌದಿ 36 ಇಂಚು ಉದ್ದ, 30 ಇಂಚು ಅಗಲ ಇರುತ್ತದೆ. ಹೊಲಿಗೆ ಮುಗಿದಾಗ ಎರಡೂ ಕಡೆ ಸುಮಾರು ಒಂದೊಂದು ಇಂಚು ಕುಗ್ಗುತ್ತದೆ. ಪ್ರತಿ ಟಾಕಿಯೂ ಬಟ್ಟೆಯನ್ನು ಒಂದಿಷ್ಟು ಒಳಗೆಳೆಯುವುದರಿಂದ ಹೀಗಾಗುವುದು ಸಹಜ.

ಬಟ್ಟೆ ಆರಿಸುವುದು

ಕೌದಿಯ ಆಯುಷ್ಯ ಇಲ್ಲೇ ನಿರ್ಧಾರವಾಗುತ್ತದೆ, ಆದ್ದರಿಂದ ಅವಸರ ಮಾಡಬೇಡಿ. ಹಳೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಕೂತು ಎದ್ದು ಸವೆದ ಜಾಗದಲ್ಲಿ ಎಳೆಗಳ ನಡುವೆ ಬೆಳಕು ಚುಕ್ಕಿ ಚುಕ್ಕಿಯಾಗಿ ತೂರಿ ಬರುತ್ತದೆ. ಆ ಜಾಗವನ್ನು ಎರಡು ಹೆಬ್ಬೆರಳಿನ ನಡುವೆ ಹಿಡಿದು ಎಳೆಯಿರಿ. ಸದ್ದಿಲ್ಲದೆ ಬಿಟ್ಟುಕೊಂಡರೆ ಅದು ಕೌದಿಗೆ ಬೇಡ, ಒಳಪದರಕ್ಕೂ ಬೇಡ. ಒಳಗಿನ ಸತ್ತ ಬಟ್ಟೆ ಎರಡು ಒಗೆತಕ್ಕೆ ಪುಡಿಯಾಗಿ ಗಂಟುಗಂಟಾಗಿ ಒಂದು ಮೂಲೆಗೆ ಸೇರುತ್ತದೆ. ಹೊರಗಿನಿಂದ ಅದನ್ನು ಸರಿ ಮಾಡಲು ಬರುವುದಿಲ್ಲ.

ಮೈ ಹತ್ತಿಯದಿದ್ದು ದಡಿ ಮತ್ತು ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಇರುವ ಸೀರೆಗಳು ನಮ್ಮ ಕಡೆ ಬಹಳ. ಇರಕಲ್ (ಇಳಕಲ್) ಸೀರೆಯಲ್ಲೂ ಈ ಬಗೆಯವು ಸಿಗುತ್ತವೆ. ಇಂಥ ಸೀರೆಯ ದಡಿ, ಸೆರಗನ್ನು ಮೊದಲೇ ಬೇರೆ ಮಾಡಿಕೊಳ್ಳಿ. ಹತ್ತಿಯೂ ಅವೂ ಒಂದೇ ಸಮ ಕುಗ್ಗುವುದಿಲ್ಲ. ಒಂದೇ ಪದರದಲ್ಲಿ ಎರಡೂ ಉಳಿದರೆ ಒಗೆದ ಮೇಲೆ ಒಂದು ಮುದುಡಿ, ಇನ್ನೊಂದು ಅಲೆಅಲೆಯಾಗಿ ನಿಲ್ಲುತ್ತದೆ. ಬೇರೆ ಮಾಡಿದ ದಡಿ ಮುಂದೆ ಕೆಲಸಕ್ಕೆ ಬರುತ್ತದೆ, ಎಸೆಯಬೇಡಿ.

ಟೆರಿಕಾಟ್, ಪಾಲಿಯೆಸ್ಟರ್ ಸೀರೆ ಕೂಸಿನ ಕೌದಿಗೆ ಆಗದು. ಅದು ಬೆವರು ಹೀರುವುದಿಲ್ಲ. ಹೊಲಿಯುವಾಗಲೂ ಪದರಗಳು ಜಾರುತ್ತಲೇ ಇರುತ್ತವೆ. ಸೊಲ್ಲಾಪುರದ ಹಳೆ ಚಾದರ ಮನೆಯಲ್ಲಿದ್ದರೆ ಒಳಗೆ ಹಾಕೋಣ ಎಂದು ಅನ್ನಿಸುವುದು ಸಹಜ. ದೊಡ್ಡವರ ಕೌದಿಗೆ ಅದರ ಒಂದೇ ಪದರ ನಡೆಯುತ್ತದೆ, ಅಷ್ಟಿದ್ದರೆ ಬೇರೆ ಒಳಪದರ ಬೇಡ. ಆದರೆ ಅದರ ನೇಯ್ಗೆ ದಪ್ಪ, ಹೊಸಬರ ಕೈಗೆ ಸೂಜಿ ನೇರವಾಗಿ ಇಳಿಯುವುದಿಲ್ಲ. ಟರ್ಕಿ ಟವೆಲ್ಲಿನ ಕುಣಿಕೆಗಳು ಸೂಜಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ನೀರನ್ನೂ ಬಹಳ ಹಿಡಿದಿಟ್ಟುಕೊಳ್ಳುವುದರಿಂದ ಕೂಸಿನ ಕೌದಿ ಒಣಗಲು ತಡವಾಗುತ್ತದೆ.

ಎಲ್ಲ ಬಟ್ಟೆಯನ್ನೂ ಬಿಸಿನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿಟ್ಟುಕೊಳ್ಳಿ. ಇದಕ್ಕೆ ಮೂರು ಕಾರಣಗಳಿವೆ. ಹೊಸ ರವಿಕೆ ಬಟ್ಟೆಯನ್ನು ಹಳೆ ಸೀರೆಯ ಜೊತೆ ಸೇರಿಸುತ್ತಿದ್ದರೆ ಹೊಸದು ಈಗಲೇ ಕುಗ್ಗಲಿ. ಗಂಜಿ ಹೋಗಲಿ, ಗಂಜಿ ಉಳಿದರೆ ಸೂಜಿ ಬಿಗಿಯುತ್ತದೆ, ಪೆಟ್ಟಿಗೆಯಲ್ಲಿಟ್ಟಾಗ ಹುಳು ಹಿಡಿಯುತ್ತದೆ. ಬಣ್ಣ ಬಿಡುವ ಬಟ್ಟೆ ಯಾವುದೆಂದೂ ಗೊತ್ತಾಗಲಿ. ಕೆಂಪು, ಕಡುನೀಲಿ ಬಟ್ಟೆಗಳನ್ನು ಒದ್ದೆ ಬಿಳಿ ಅರಿವೆಯಿಂದ ಬಿಗಿಯಾಗಿ ಉಜ್ಜಿ ನೋಡಿ. ಅರಿವೆಗೆ ಬಣ್ಣ ಹತ್ತಿದರೆ ಬಿಟ್ಟುಬಿಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಆ ಮಾತನ್ನು ನಂಬಿ ಬಿಳಿ ತಳದ ಮೇಲೆ ಕೆಂಪು ತುಂಡು ಹಚ್ಚಬೇಡಿ. ಬಣ್ಣ ಹಾಕುವಾಗ ಉಪ್ಪು ಕೆಲಸ ಮಾಡುತ್ತದೆ, ಸಡಿಲಾಗಿ ಉಳಿದ ಬಣ್ಣವನ್ನು ಆಮೇಲೆ ಕಟ್ಟಿಹಾಕುವುದಿಲ್ಲ.

ಅಳತೆ

ತಳದ ಬಟ್ಟೆ 40 × 34 ಇಂಚು, ಒಂದು. ಒಳಪದರ 36 × 30 ಇಂಚು, ಎರಡು. ಮೇಲೆ ಹಚ್ಚುವ ಚೌಕ ತುಂಡುಗಳು 7 × 7 ಇಂಚು, ಮೂವತ್ತು.

ಉದ್ದವನ್ನು ಸೀರೆಯ ಉದ್ದಕ್ಕೇ ಹಿಡಿಯಿರಿ. ತಳಕ್ಕೆ 40, ಒಳಪದರಗಳಿಗೆ 36 ಮತ್ತು 36, ಒಟ್ಟು 112 ಇಂಚು, ಅಂದರೆ ಮೂರು ಮೀಟರಿಗೂ ಕಡಿಮೆ. ಐದೂವರೆ ಮೀಟರಿನ ಸೀರೆಯಲ್ಲಿ ಸವೆದ ಭಾಗ ಬಿಟ್ಟರೂ ಇಷ್ಟು ಸಿಗುತ್ತದೆ. ಮೇಲಿನ ತುಂಡುಗಳಿಗೆ 36 ಇಂಚು ಪನ್ನದ (ಅಗಲದ) ಬಟ್ಟೆಯಾದರೆ 42 ಇಂಚು ಬೇಕು, ಒಂದು ಸಾಲಿಗೆ ಐದರಂತೆ ಆರು ಸಾಲು ಬರುತ್ತವೆ. ತುಂಡುಗಳು ಬೇರೆ ಬೇರೆ ಬಟ್ಟೆಯವಾದರೂ ದಪ್ಪ ಮಾತ್ರ ಹೆಚ್ಚುಕಡಿಮೆ ಒಂದೇ ಇರಲಿ.

ಕತ್ತರಿಗಿಂತ ಕೈಯಿಂದ ಹರಿಯುವುದು ಮೇಲು. ಅಂಚಿನಲ್ಲಿ ಅರ್ಧ ಇಂಚು ಕತ್ತರಿಸಿ ಎರಡೂ ಕಡೆ ಹಿಡಿದು ಎಳೆದರೆ ಹತ್ತಿ ಬಟ್ಟೆ ಎಳೆಯ ಗುಂಟ ನೇರವಾಗಿ ಹರಿಯುತ್ತದೆ, ಕತ್ತರಿ ಎಷ್ಟು ಹುಷಾರಾಗಿ ಹಿಡಿದರೂ ಒಂದಿಷ್ಟು ಓರೆಯಾಗುತ್ತದೆ. ಓರೆಯಾದ ತುಂಡು ಎಳೆದತ್ತ ಹಿಗ್ಗುತ್ತದೆ. ಒಂದು ಸಾಲಿನಲ್ಲಿ ಇಂಥ ಎರಡು ತುಂಡು ಸೇರಿದರೆ ಸಾಲೇ ಬಾಗುತ್ತದೆ. ಹರಿಯುವಾಗಲೇ ಅಡ್ಡಾದಿಡ್ಡಿ ಬಿಟ್ಟುಕೊಂಡರೆ ಆ ಬಟ್ಟೆಯಲ್ಲಿ ತ್ರಾಣವಿಲ್ಲ ಎಂದೂ ತಿಳಿಯುತ್ತದೆ. ತಳ, ಒಳಪದರ, ಮೇಲಿನ ತುಂಡು, ಎಲ್ಲದರ ಹಾಸು (ಉದ್ದದ ಎಳೆ) ಒಂದೇ ದಿಕ್ಕಿಗಿರಲಿ, ಹೊಕ್ಕು (ಅಡ್ಡ ಎಳೆ) ಒಂದೇ ದಿಕ್ಕಿಗಿರಲಿ. ಆಗ ಕುಗ್ಗಿದರೂ ಎಲ್ಲ ಒಟ್ಟಿಗೆ ಕುಗ್ಗುತ್ತವೆ.

ಸೂಜಿ, ದಾರ

ದಬ್ಬಣ ಬೇಡ, ಅದು ಗೋಣಿಚೀಲಕ್ಕೆ. ಹಳೆ ಬಟ್ಟೆಯಲ್ಲಿ ಅದು ಎಳೆಯನ್ನೇ ಕಡಿದು ತೂತು ಬಿಡುತ್ತದೆ. ಎರಡು ಇಂಚಿನಷ್ಟು ಉದ್ದದ, ಕಣ್ಣು ದೊಡ್ಡದಿರುವ ಸೂಜಿ ಸಾಕು. ನಡುಬೆರಳಿಗೆ ಅಂಗುಸ್ತಾನ (ಸೂಜಿ ಚುಚ್ಚದಂತೆ ತೊಡುವ ಬೆರಳ ಟೋಪಿ) ಹಾಕಿಕೊಳ್ಳಿ. ಮೊದಲ ದಿನ ಅದು ಅಡ್ಡಿ ಎನ್ನಿಸುತ್ತದೆ, ಆದರೆ ಅದಿಲ್ಲದೆ ಅರವತ್ತು ಸಾಲು ಹೊಲಿಯಲು ಬೆರಳು ಉಳಿಯುವುದಿಲ್ಲ.

ದಾರ ಹತ್ತಿಯದೇ ಇರಲಿ. ಗಟ್ಟಿ ಎಂದು ಪಾಲಿಯೆಸ್ಟರ್ ಅಥವಾ ನೈಲಾನ್ ದಾರ ಹಾಕುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಕೌದಿಯನ್ನು ಎಳೆದಾಗ, ಹಿಂಡಿದಾಗ ಯಾವುದಾದರೂ ಒಂದು ಸೋಲಲೇಬೇಕು. ದಾರ ಸೋತರೆ ಒಂದು ಸಾಲು ಮತ್ತೆ ಹೊಲಿದರಾಯಿತು. ದಾರವೇ ಬಟ್ಟೆಗಿಂತ ಗಟ್ಟಿಯಾಗಿದ್ದರೆ ಅದು ಸವೆದ ಸೀರೆಯನ್ನು ಹೊಲಿಗೆಯ ಗುಂಟ ಕೊಯ್ಯುತ್ತದೆ. ಆ ಹರಕಿಗೆ ತೇಪೆಯೊಂದೇ ದಾರಿ.

ಎರಡೆಳೆ ಮಾಡಿದ ಮೇಲೆ ದಾರ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ಉದ್ದ ತೆಗೆದುಕೊಂಡರೆ ಪ್ರತಿ ಟಾಕಿಗೂ ಅಷ್ಟೂ ದಾರ ಬಟ್ಟೆಯೊಳಗಿಂದ ಉಜ್ಜಿಕೊಂಡು ಬರಬೇಕು. ಕೊನೆಗೆ ಬರುವಷ್ಟರಲ್ಲಿ ಅದು ಜುಂಜು ಎದ್ದು ಸಿಕ್ಕಾಗುತ್ತದೆ. ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಜುಂಜು ಕೂರುತ್ತದೆ.

ಎಷ್ಟು ದಾರ ಬೇಕು? ಸಾಲಿನಿಂದ ಸಾಲಿಗೆ ಅರ್ಧ ಇಂಚು ಬಿಟ್ಟರೆ 30 ಇಂಚು ಅಗಲದಲ್ಲಿ ಸುಮಾರು 60 ಸಾಲು. ಒಂದೊಂದು 36 ಇಂಚು, ಒಟ್ಟು 2,160 ಇಂಚು, ಅಂದರೆ 55 ಮೀಟರ್. ದಾರ ಮೇಲೆ ಕೆಳಗೆ ಹೋಗುವುದಕ್ಕೆ ಐದನೇ ಒಂದು ಭಾಗ ಸೇರಿಸಿ, ಎರಡೆಳೆಗೆ ಇಮ್ಮಡಿ ಮಾಡಿದರೆ 132 ಮೀಟರ್. ಅಂಚಿಗೂ ಗಂಟಿಗೂ ಸೇರಿ 100 ಮೀಟರಿನ ಎರಡು ರೀಲು ತಂದುಕೊಳ್ಳಿ.

ಹಾಸುವುದು ಮತ್ತು ಕಚ್ಚಾ ಟಾಕಿ

ತಳದ ಬಟ್ಟೆಯನ್ನು ಬೋರಲಾಗಿ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಡಿ. ಬಿಗಿದು ಎಳೆಯಬೇಡಿ. ಎಳೆದು ಹಾಸಿದ ತಳ ಕಲ್ಲು ತೆಗೆದ ಕೂಡಲೇ ಹಿಂದಕ್ಕೆ ಹೋಗಿ ಮೇಲಿನ ಪದರಗಳಲ್ಲಿ ಗುಳ್ಳೆ ಎಬ್ಬಿಸುತ್ತದೆ. ಅದರ ಮೇಲೆ ಎರಡು ಒಳಪದರಗಳನ್ನು ಸುತ್ತಲೂ 2 ಇಂಚು ತಳ ಕಾಣುವಂತೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಗೆ ಸವರಿ.

ಈಗ ತುಂಡುಗಳು. ಎಡಗಡೆಯ ಕೆಳಮೂಲೆಯಿಂದ ಮೊದಲುಮಾಡಿ. ಮೊದಲನೆಯದನ್ನು ಮಡಿಸದೆ ಇಡಿ. ಎರಡನೆಯದರ ಎಡ ಅಂಚನ್ನು ಅರ್ಧ ಇಂಚು ಒಳಗೆ ಮಡಿಸಿ, ಆ ಮಡಿಕೆ ಸರಿಯಾಗಿ 6ನೇ ಇಂಚಿಗೆ ಬರುವಂತೆ ಮೊದಲನೆಯದರ ಮೇಲೆ ಕೂರಿಸಿ. ಮುಂದಿನದು 12ಕ್ಕೆ, ಅದರ ಮುಂದಿನದು 18ಕ್ಕೆ. ಹೀಗೆ ಉದ್ದಕ್ಕೆ ಆರು ತುಂಡು. ಮೇಲಿನ ಸಾಲಿನ ತುಂಡುಗಳಿಗೆ ಕೆಳ ಅಂಚನ್ನೂ ಮಡಿಸಬೇಕು. ಇಂಥ ಐದು ಸಾಲು. ಕೊನೆಯಲ್ಲಿ ಹೊರಚಾಚಿದ್ದನ್ನು ಒಳಪದರಕ್ಕೆ ಸರಿಯಾಗಿ ಕತ್ತರಿಸಿ.

ನಾಲ್ಕು ತುಂಡು ಕೂಡುವ ಮೂಲೆಯನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿ. ಎರಡು ಕಡೆ ಮಡಿಸಿದ ತುಂಡಿನದು 4 ಪದರ, ಒಂದೊಂದು ಕಡೆ ಮಡಿಸಿದ ಎರಡರದು 2 ಮತ್ತು 2, ಅಡಿಯ ತುಂಡಿನದು 1. ಒಟ್ಟು 9. ಕೆಳಗಿನ 3 ಸೇರಿದರೆ 12 ಪದರ. ಸೂಜಿ ಮುರಿಯುವುದು ಇಲ್ಲೇ. ಅಡಿಯ ತುಂಡಿನ ಅಡಗಿದ ಮೂಲೆಯನ್ನೂ, ಎರಡು ಕಡೆ ಮಡಿಸಿದ ತುಂಡಿನ ಒಳಮೂಲೆಯನ್ನೂ ಓರೆಯಾಗಿ ಕತ್ತರಿಸಿ ತೆಗೆದರೆ ಎರಡು ಪದರ ಕಡಿಮೆಯಾಗುತ್ತದೆ. ಇಟ್ಟಿಗೆ ಕಟ್ಟಿದ ಹಾಗೆ ಒಂದು ಸಾಲು ಬಿಟ್ಟು ಒಂದು ಸಾಲನ್ನು ಅರ್ಧ ತುಂಡು ಸರಿಸಿ ಹಚ್ಚಿದರೂ ಕೂಡುಮೂಲೆ 10 ಪದರಕ್ಕೆ ಇಳಿಯುತ್ತದೆ. ಆಗ ಸರಿಸಿದ ಸಾಲಿಗೆ ಒಂದೊಂದು ತುಂಡು ಹೆಚ್ಚು ಬೇಕು.

ಎಲ್ಲ ಕೂತ ಮೇಲೆ ಬೇರೆ ಬಣ್ಣದ ದಾರದಲ್ಲಿ ಕಚ್ಚಾ ಟಾಕಿ, ಅಂದರೆ ಆಮೇಲೆ ಬಿಚ್ಚಿ ತೆಗೆಯುವ ಸಡಿಲ ಹೊಲಿಗೆ, ಹಾಕಿ. ಟಾಕಿ 2 ಇಂಚಿನಷ್ಟು ಉದ್ದ, ಗೆರೆಗೂ ಗೆರೆಗೂ 4 ಇಂಚು ಅಂತರ, ಉದ್ದಕ್ಕೂ ಅಡ್ಡಕ್ಕೂ. ಪ್ರತಿ ಗೆರೆಯನ್ನೂ ನಡುವಿನಿಂದ ಹೊರಗೆ ಹೊಲಿಯಿರಿ, ಒಳಗಿನ ಸಡಿಲೆಲ್ಲ ಅಂಚಿಗೆ ಹೋಗಲಿ. ಇದಕ್ಕೆ ಒಂದು ತಾಸು ಹೋಗುತ್ತದೆ, ಹೋಗಲಿ. ಕಚ್ಚಾ ಟಾಕಿ ಬಿಟ್ಟು ಹೊಲಿದ ಕೌದಿಯಲ್ಲಿ ತಳ ಒಂದು ಕಡೆ, ಮೇಲ್ಪದರ ಒಂದು ಕಡೆ ಸರಿದು ಚೌಕ ಹೋಗಿ ಓರೆಯಾಗಿರುತ್ತದೆ.

ಸುತ್ತ ಉಳಿದ 2 ಇಂಚು ತಳವನ್ನು ಒಂದು ಇಂಚು ಮಡಿಸಿ, ಮತ್ತೆ ಒಂದು ಇಂಚು ಮೇಲಕ್ಕೆ ಮಗುಚಿ ಕಚ್ಚಾ ಟಾಕಿ ಹಾಕಿ. ತುಂಡುಗಳ ಹೊರ ಅಂಚು ಅದರೊಳಗೆ ಮುಚ್ಚಿಹೋಗುತ್ತದೆ. ಅಂಚಿಗೆ ಅಂದ ಬೇಕೆಂದರೆ ತೆಗೆದಿಟ್ಟ ದಡಿಯನ್ನು ಇದರ ಮೇಲೆ ಹಚ್ಚಬಹುದು. ದಡಿ ನೇರ ಪಟ್ಟಿ, ಬಾಗುವುದಿಲ್ಲ, ಆದ್ದರಿಂದ ಕೌದಿಯ ಮೂಲೆಯನ್ನು ಗುಂಡಗೆ ಮಾಡಲು ಹೋಗಬೇಡಿ.

ಟಾಕಿ

ಟಾಕಿಯೊಂದು ಜೋಳದ ಕಾಳಿನಷ್ಟು, ನಡುವಿನ ಬಿಡುವೂ ಅಷ್ಟೇ. ಇಂಚಿಗೆ ಮೂರು ಬೀಳುತ್ತವೆ. ಒಂದು ಕೈ ಮೇಲೆ, ಒಂದು ಕೈ ಕೌದಿಯ ಅಡಿಗೆ. ಅಡಿಯ ಬೆರಳಿಗೆ ಸೂಜಿಯ ಮೊನೆ ಮುಟ್ಟಿದ ಮೇಲೆಯೇ ಮೇಲಕ್ಕೆ ತಿರುಗಿಸಿ. ಮೊನೆ ಮುಟ್ಟದಿದ್ದರೆ ತಳ ಸಿಕ್ಕಿಲ್ಲ. ಸೂಜಿಗೆ ಮೂರು ನಾಲ್ಕು ಟಾಕಿ ತುಂಬಿಸಿ ಒಮ್ಮೆಗೇ ಎಳೆಯಿರಿ, ಆಮೇಲೆ ಹೆಬ್ಬೆರಳಿನಿಂದ ಹೊಲಿದ ಸಾಲನ್ನು ಸವರಿ. ಸವರಿದಾಗ ಬಟ್ಟೆ ಹರಡಿಕೊಂಡು ತನಗೆ ಬೇಕಾದಷ್ಟು ದಾರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಹೀಗೆ ಸವರದೆ ಬಿಗಿಯುತ್ತಾ ಹೋದರೆ ಸಾಲು ನೆರಿಗೆ ಕಟ್ಟುತ್ತದೆ, 36 ಇಂಚಿನ ಕೌದಿ 32ಕ್ಕೆ ಇಳಿಯುತ್ತದೆ.

ಮೊದಲ ಸಾಲು ನಡುವೆ ಬರಲಿ, ಅಲ್ಲಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಾಗಿ. ಒಂದು ಸಾಲನ್ನು ಹೋಗುತ್ತಾ ಹೊಲಿದರೆ ಮುಂದಿನದನ್ನು ಬರುತ್ತಾ ಹೊಲಿಯಿರಿ. ಸೂಜಿ ಯಾವಾಗಲೂ ಮೇಲ್ಪದರವನ್ನು ತಾನು ಸಾಗುವ ಕಡೆಗೆ ಸ್ವಲ್ಪ ತಳ್ಳುತ್ತದೆ. ಎಲ್ಲ ಸಾಲೂ ಒಂದೇ ದಿಕ್ಕಿಗಾದರೆ ಆ ತಳ್ಳು ಕೂಡುತ್ತಾ ಹೋಗುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಬೇರೆ ರೀತಿ ಹೊಲಿಯುತ್ತಾರೆ: ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆಯ ಸಣ್ಣ ಹೂವಿಡುತ್ತಾರೆ. ನೋಡಲು ಬಹಳ ಚಂದ. ಆದರೆ ಸಡಿಲೆಲ್ಲ ನಡುವಿಗೆ ಕೂಡುವ ದಾರಿಯದು, ತುಂಡನ್ನು ಹೊಲಿಯುತ್ತಲೇ ಕೂರಿಸುವ ಅವರ ಕೈಚಳಕ ಬರುವವರೆಗೆ ನೇರ ಸಾಲೇ ಒಳ್ಳೆಯದು.

ಗಂಟನ್ನು ಹೊರಗೆ ಬಿಡಬೇಡಿ. ಎರಡು ಪದರದ ನಡುವಿನಿಂದ ಸೂಜಿ ಹೊಗಿಸಿ, ಗಂಟು ಒಳಗೆ ಸರಿಯುವಂತೆ ಮೆಲ್ಲಗೆ ಎಳೆದುಕೊಳ್ಳಿ. ಕನ್ನಡಿ, ಮಣಿ, ಗುಂಡಿ ಕೂಸಿನ ಕೌದಿಗೆ ಹಚ್ಚಲೇಬಾರದು, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ವರ್ಷ ತುಂಬದ ಕೂಸಿಗೆ ಇದು ಹಾಸಲು ಮಾತ್ರ, ಹೊದಿಸಲು ಅಲ್ಲ. ಮುಖದ ಮೇಲೆ ಬಂದರೆ ಅದಕ್ಕೆ ಸರಿಸಿಕೊಳ್ಳಲು ಬಾರದು.

ಮಷಿನ್ನಿನಲ್ಲಿ ಹೊಲಿಯಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೊಲಿಯಬಹುದು. ಕೆಳಗಿನ ಹಲ್ಲು ತಳವನ್ನು ಮುಂದಕ್ಕೆ ಸಾಗಿಸುತ್ತದೆ, ಮೇಲಿನ ಪಾದ ಮೇಲ್ಪದರವನ್ನು ಒತ್ತಿ ತಡೆಯುತ್ತದೆ, ಹೀಗಾಗಿ ಪದರಗಳು ಸರಿಯುತ್ತವೆ. ಪಾದದ ಒತ್ತು ಸಡಿಲಿಸಿ, ಟಾಕಿಯನ್ನು ಅತಿ ಉದ್ದಕ್ಕೆ ಇಟ್ಟು, ಕಚ್ಚಾ ಟಾಕಿಯ ಗೆರೆಗಳನ್ನು 2 ಇಂಚಿಗೊಂದು ಮಾಡಿಕೊಳ್ಳಿ. ಮೆತ್ತನೆತನ ಮಾತ್ರ ಕೈಹೊಲಿಗೆಯದಷ್ಟು ಬರುವುದಿಲ್ಲ.

ಉಳಿದ ಚೂರಿಗೆ ಸಿಂಬಿ

ಸಿಂಬಿ ಎಂದರೆ ಕೊಡದ, ಪಾತ್ರೆಯ ಅಡಿಗೆ ಇಡುವ ಬಟ್ಟೆಯ ಬಳೆ. ದಡಿಯ ಚೂರು, ಓರೆಯಾದ ತುಂಡು ಎಲ್ಲ ಸೇರಿಸಿ ಒಂದೂವರೆ ಇಂಚು ದಪ್ಪ, 20 ಇಂಚು ಉದ್ದದ ಸುರುಳಿ ಸುತ್ತಿ ದಾರದಿಂದ ಅಲ್ಲಲ್ಲಿ ಬಿಗಿಯಿರಿ. ಎರಡು ತುದಿ ಎರಡೂವರೆ ಇಂಚು ಒಂದರ ಮೇಲೊಂದು ಬರುವಂತೆ ಕೂಡಿಸಿ ಹೊಲಿದರೆ ಒಳಗೆ 4 ಇಂಚು ಬಿಡುವಿರುವ ಬಳೆಯಾಗುತ್ತದೆ. ತುದಿಗಳನ್ನು ಮೊದಲೇ ಓರೆಯಾಗಿ ತೆಳ್ಳಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಕೂಡಿದ ಕಡೆ ಉಬ್ಬಿ ಕೊಡ ಓಲುತ್ತದೆ. ಮೇಲೆ 2 ಇಂಚಿನ ಪಟ್ಟಿಯನ್ನು ಅರ್ಧರ್ಧ ಮುಚ್ಚುವಂತೆ ಸುತ್ತಿ, ಕೊನೆಯನ್ನು ಒಳಮೈಗೆ ಹೊಲಿಯಿರಿ. ಇಲ್ಲಿ ಟೆರಿಕಾಟ್ ಚೂರೂ ನಡೆಯುತ್ತದೆ, ನೀರು ಹೀರದ್ದರಿಂದ ಬೇಗ ಒಣಗುತ್ತದೆ. ಬಿಸಿ ಪಾತ್ರೆ ಇಡುವ ಸಿಂಬಿಗೆ ಮಾತ್ರ ಹತ್ತಿಯನ್ನೇ ಸುತ್ತಿ, ಟೆರಿಕಾಟ್ ಕಾವಿಗೆ ಕರಗಿ ಪಾತ್ರೆಯ ತಳಕ್ಕೆ ಅಂಟುತ್ತದೆ.