ಆರು ಸೀನಿನ ಅಪ್ಪ

ನಟರಿಗೆ ಪಾತ್ರದ ತಯಾರಿ ಮಾಡಿಸುವುದು ನನ್ನ ಕೆಲಸ. ಈಚೆಗೆ ಒಬ್ಬರು ಬಂದಿದ್ದರು, ನಾಟಕದಲ್ಲಿ ಇಪ್ಪತ್ತು ವರ್ಷ ಪಳಗಿದವರು. ಸಿನಿಮಾದಲ್ಲಿ ನಾಯಕಿಯ ಅಪ್ಪನ ಪಾತ್ರ. ಆರು ಸೀನು, ಐದು ದಿನದ ಕಾಲ್‌ಶೀಟ್. ಅಪ್ಪನಿಗೆ ಲಕ್ವ ಹೊಡೆದಿದೆ. ಬಲಗೈ, ಬಲಗಾಲು ಸೋತಿವೆ, ಮಾತು ಹೊರಡುವುದಿಲ್ಲ. ‘ಡೈಲಾಗೇ ಇಲ್ಲ, ಸುಲಭ ಅಲ್ವಾ?’ ಅಂದಿದ್ದರಂತೆ ಚಿತ್ರತಂಡದವರು. ಅದನ್ನು ಹೇಳಿ ಅವರು ನಕ್ಕರು. ನನಗೆ ನಗು ಬರಲಿಲ್ಲ.

ನಾಯಕ ಒಂದು ಸೀನಿನಲ್ಲಿ ಎಡವಿದರೂ ಇನ್ನೊಂದರಲ್ಲಿ ಸುಧಾರಿಸಿಕೊಳ್ಳಬಹುದು. ಪೋಷಕ ನಟನಿಗೆ ಸಿಗುವುದೇ ಏಳೆಂಟು ನಿಮಿಷ. ‘ಇವನು ಆಕ್ಟಿಂಗ್ ಮಾಡ್ತಿದ್ದಾನೆ’ ಅಂತ ನೋಡುವವರಿಗೆ ಒಮ್ಮೆ ಅನ್ನಿಸಿದರೆ ಮುಗಿಯಿತು.

ಮೊದಲ ದಿನ ಮಾಡಿ ತೋರಿಸಿ ಅಂದೆ. ಮುಖವನ್ನೆಲ್ಲ ಸೊಟ್ಟ ಮಾಡಿದರು. ಬಲಗಣ್ಣು ಮುಚ್ಚಿತು, ಹುಬ್ಬು ಇಳಿಯಿತು, ಕೈ ಹಗ್ಗದ ಹಾಗೆ ಜೋತಾಡಿತು. ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿದ್ದೆ. ಅವರು ಹೇಳಿದ್ದು ಇಷ್ಟೇ: ‘ಹುಬ್ಬು ಎತ್ತಿ ಸಾರ್, ಎತ್ತಬಹುದು.’ ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಕಡೆಯಿಂದ ಹುಕುಂ ಬರುತ್ತದೆ. ಹಾಗಾಗಿ ಮೆದುಳಿಗೆ ಸ್ಟ್ರೋಕ್ ಆಗಿ ಲಕ್ವ ಹೊಡೆದವರಲ್ಲಿ ಸಾಮಾನ್ಯವಾಗಿ ಇಳಿಬೀಳುವುದು ಬಾಯಿಯ ಮೂಲೆ, ಹಣೆಯಲ್ಲ. ಹಣೆಯೂ ಸೇರಿ ಅರ್ಧ ಮುಖ ಪೂರ್ತಿ ಸೋಲುವುದು ಹೆಚ್ಚಾಗಿ ಬೆಲ್ಸ್ ಪಾಲ್ಸಿಯಲ್ಲಿ. ಅದು ಮುಖದ ನರದ್ದು, ಬೇರೆಯೇ ತೊಂದರೆ.

ನಮ್ಮ ನಟರಿಗೆ ನಿಧಿ ಸಿಕ್ಕಷ್ಟು ಖುಷಿ. ಬಾಯಿ ಹೋದ ಪಾತ್ರಕ್ಕೆ ಎರಡು ಹುಬ್ಬು ಉಳಿದವಲ್ಲ!

ಆಮೇಲೆ ಕೈ. ಮೊದಮೊದಲು ಅದು ಜೋಲುತ್ತದೆ, ನಿಜ. ತಿಂಗಳು ಕಳೆದ ಹಾಗೆ ತುಂಬಾ ಜನರಲ್ಲಿ ಬಿಗಿಯಾಗುತ್ತದೆ. ಮೊಣಕೈ ಮಡಚಿಕೊಂಡು, ಬೆರಳು ಮುಷ್ಟಿಯಾಗಿ, ಎದೆಯ ಹತ್ತಿರ ಬಂದು ನಿಲ್ಲುತ್ತದೆ. ಕಾಲು ನೇರವಾಗಿ ಮುಂದೆ ಬರುವುದಿಲ್ಲ, ಹೊರಗಿನಿಂದ ಅರ್ಧ ಸುತ್ತು ಹಾಕಿ ಬರುತ್ತದೆ. ಶರ್ಟ್ ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಅದೇ ಕೈ ಕೊನೆಗೆ. ಒಂದೇ ಕೈಯಲ್ಲಿ ಗುಂಡಿ ಹಾಕುವುದನ್ನು ಅವರು ವಾರವಿಡೀ ಮನೆಯಲ್ಲಿ ಮಾಡಿದರು. ಮೊದಲ ದಿನ ಹನ್ನೊಂದು ನಿಮಿಷ ಹಿಡಿಯಿತಂತೆ. ಬೆವರು ಬಂತಂತೆ. ಆ ಬೆವರನ್ನು ನೆನಪಿಟ್ಟುಕೊಳ್ಳಿ ಅಂದೆ.

ಇಷ್ಟೆಲ್ಲ ಕಲಿತ ನಟನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಕಲಿತದ್ದನ್ನೆಲ್ಲ ತೋರಿಸುವ ಚಟ. ಕಾಯಿಲೆಯೇ ಪಾತ್ರವಾಗಿಬಿಡುತ್ತದೆ. ನಾನು ನೋಡಿದ ಮಟ್ಟಿಗೆ ಲಕ್ವ ಹೊಡೆದವರು ಅದನ್ನು ತೋರಿಸಿಕೊಳ್ಳುವುದಿಲ್ಲ, ಮುಚ್ಚಿಡಲು ನೋಡುತ್ತಾರೆ. ಗಂಡಿನ ಕಡೆಯವರು ಮನೆಗೆ ಬರುವ ಸೀನಿತ್ತು. ಬಂದವರು ಒಳಗೆ ಕಾಲಿಡುವ ಮೊದಲು ಎಡಗೈಯಿಂದ ಬಲಗೈಯನ್ನು ಹಿಡಿದು ಶಾಲಿನೊಳಗೆ ಸೇರಿಸಿಕೊಳ್ಳೋಣ ಅಂತ ತೀರ್ಮಾನಿಸಿದೆವು. ಅಷ್ಟೇ. ಇಡೀ ಸೀನಿನಲ್ಲಿ ಆ ಕೈ ಮತ್ತೆ ಕಾಣಿಸಲಿಲ್ಲ. ಕಾಫಿ ಲೋಟ ಬಂದಾಗ ಮಾತ್ರ ಶಾಲು ಸ್ವಲ್ಪ ಅಲುಗಿತು.

ಮಾತಿನದು ಇನ್ನೊಂದು ಕಥೆ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಅಲ್ಲಿ ಪೆಟ್ಟಾದರೆ ಬಲಗೈಯ ಜೊತೆ ಮಾತೂ ಹೋಗಬಹುದು. ಕೇಳಿದ್ದು ಬಹುಪಾಲು ಅರ್ಥವಾದರೂ ಹೇಳಬೇಕಾದ ಪದ ಸಿಗುವುದಿಲ್ಲ. ಆದರೆ ಬಾಯಿಗೆ ರೂಢಿಯಾದದ್ದು ಕೆಲವರಲ್ಲಿ ಹಾಗೇ ಉಳಿದಿರುತ್ತದೆ. ಒಂದರಿಂದ ಹತ್ತು, ಹಳೆಯ ಹಾಡು, ಬೈಗುಳ. ಇದನ್ನು ನಿರ್ದೇಶಕರಿಗೆ ಹೇಳಿದೆವು. ಮಗಳ ಹೆಸರು ಹೇಳಲು ಒದ್ದಾಡಿ ಅಪ್ಪ ಅಳುವ ಸೀನು ಬದಲಾಯಿತು. ಈಗ ಹೆಸರು ಬರುವುದಿಲ್ಲ, ‘ಥೂ, ಇದರಜ್ಜಿ!’ ಅಂತ ಸ್ಪಷ್ಟವಾಗಿ ಬರುತ್ತದೆ. ಮಗಳು ನಗುತ್ತಾಳೆ. ಅಪ್ಪನೂ ಬಾಯಿಯ ಎಡಮೂಲೆಯಲ್ಲಿ ನಗುತ್ತಾನೆ.

ಉಳಿದ ಹೊತ್ತೆಲ್ಲ ಆ ಅಪ್ಪನದು ಬರೀ ಕೇಳುವ ಕೆಲಸ. ಇಲ್ಲಿ ನಾನು ಯಾವಾಗಲೂ ನೆನೆಯುವುದು ಕನ್ನಡದ ಹಳೆಯ ಪೋಷಕ ನಟ ಟಿ.ಎನ್. ಬಾಲಕೃಷ್ಣ ಅವರನ್ನು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ಹಾಗೆಯೇ 500ಕ್ಕೂ ಹೆಚ್ಚು ಚಿತ್ರ ಮಾಡಿದರು. ಕಿವಿ ಚೆನ್ನಾಗಿರುವ ನಮ್ಮ ಹುಡುಗರು ಎದುರಿನವರು ಮಾತಾಡುವಾಗ ತಮ್ಮ ಮುಂದಿನ ಸಾಲನ್ನು ಮನಸ್ಸಿನಲ್ಲೇ ಜಪಿಸುತ್ತಿರುತ್ತಾರೆ. ಕ್ಲೋಸಪ್‌ನಲ್ಲಿ ಅದು ಕಣ್ಣಲ್ಲೇ ಗೊತ್ತಾಗುತ್ತದೆ.

ಇನ್ನು ಶೂಟಿಂಗ್. ಕಥೆಯಲ್ಲಿ ಅಪ್ಪನ ಮೊದಲ ಸೀನು ಲಕ್ವ ಹೊಡೆದ ಎರಡನೇ ವಾರದ್ದು, ಕೊನೆಯದು ಎಂಟನೇ ತಿಂಗಳದ್ದು. ಮೊದಲ ದಿನ ಆಸ್ಪತ್ರೆಯ ಸೀನು ಅಂತ ಹೇಳಿದ್ದರು. ಬೆಳಿಗ್ಗೆ ಆರೂವರೆಗೆ ಮೇಕಪ್ ಕುರ್ಚಿಯಲ್ಲಿ ಕೂತಾಗ ಲೊಕೇಶನ್ ಸಿಗಲಿಲ್ಲವೆಂದು ಕೊನೆಯ ಸೀನು ತೆಗೆಯಲು ಹೊರಟರು. ಇದು ಹೊಸತೇನಲ್ಲ, ಆದರೂ ಸಿಟ್ಟು ಬಂತು. ಆವತ್ತು ಕಾಪಾಡಿದ್ದು ಒಂದು ನೂರು ಪುಟದ ನೋಟ್‌ಬುಕ್. ಸೀನಿಗೊಂದು ಪುಟ: ಎಷ್ಟನೇ ತಿಂಗಳು, ಕೈ ಎಷ್ಟು ಬಿಗಿ, ಬಾಯಿಯ ಮೂಲೆ ಎಷ್ಟು ಇಳಿದಿದೆ, ನಿನ್ನೆ ರಾತ್ರಿ ನಿದ್ದೆ ಬಂತಾ. ನಟರು ಆರನೇ ಪುಟ ತೆಗೆದು ಓದಿಕೊಂಡು ಎದ್ದರು.

ಒಂದೂವರೆ ತಿಂಗಳ ಮೇಲೆ ಡಬ್ಬಿಂಗ್. ಇದ್ದದ್ದು ಒಂದು ಬೈಗುಳ, ಒಂದಷ್ಟು ಉಸಿರು, ಗಂಟಲಲ್ಲೇ ಸಿಕ್ಕಿಕೊಂಡ ಸದ್ದು. ಮೈಕಿನ ಮುಂದೆ ನಿಂತು ಮಾಡಿದರು. ದನಿ ಆರೋಗ್ಯವಂತನದು! ಎರಡನೇ ಸಲವೂ ಅಷ್ಟೇ. ಕುರ್ಚಿ ತರಿಸಿ ಕೂರಿಸಿದೆ. ಬಲಗೈ ತಾನಾಗೇ ಎದೆಗೆ ಬಂತು, ಭುಜ ಇಳಿಯಿತು, ಉಸಿರು ಎಡವಿತು. ಸರಿಯಾಯಿತು ಅಂದುಕೊಂಡೆ. ಅಷ್ಟರಲ್ಲಿ ಇಂಜಿನಿಯರ್ ಗಾಜಿನ ಆಚೆಯಿಂದ, ‘ಸಾರ್, ಕುರ್ಚಿ ಕಿರ್ ಅಂತಿದೆ, ಬೇರೆ ತರಿಸಲಾ?’ ಅಂದರು.