ಗುಳ್ಳೆ ಒಡೆದು ರಕ್ತದ ಓಟ ಅಳೆಯುವುದು

ಸಿರಿಂಜಿನಲ್ಲಿ ಒಂದು ಗುಳ್ಳೆ ಕಂಡರೆ ಸಾಕು, ‘ಅಯ್ಯೋ, ಗಾಳಿ ಹೋದ್ರೆ ಹಾರ್ಟು ನಿಂತೇ ಹೋಗುತ್ತೆ’ ಎಂದು ಗಾಬರಿ ಬೀಳುವವರು ಎಲ್ಲ ಮನೆಯಲ್ಲೂ ಇದ್ದಾರೆ. ಗಾಳಿ ಜಾಸ್ತಿ ಹೋದರೆ ಅಪಾಯ ನಿಜ. ಆದರೆ ಕಾಂಟ್ರಾಸ್ಟ್ ಎಕೋ, ಅಂದರೆ ಗುಳ್ಳೆಗಳ ಸಹಾಯದಿಂದ ಹೃದಯವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುವ ಪರೀಕ್ಷೆ, ಮಾಡುವಾಗ ಡಾಕ್ಟರೇ ಬೇಕಂತ ಕೋಟಿಗಟ್ಟಲೆ ಗುಳ್ಳೆಗಳನ್ನು ರಕ್ತಕ್ಕೆ ಬಿಡುತ್ತಾರೆ!

1968ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಅವರು ಮಹಾಪಧಮನಿಯ ಬುಡಕ್ಕೆ ಇಂಜೆಕ್ಷನ್ ಕೊಟ್ಟಾಗ ಎಕೋದಲ್ಲಿ ಅದು ದಟ್ಟವಾಗಿ ಕಾಣಿಸಿತು. ಕಾರಣ, ದ್ರವದ ಜೊತೆ ನುಸುಳಿದ್ದ ಸಣ್ಣ ಗುಳ್ಳೆಗಳು. ಬರೀ ಗಾಳಿಯ ಗುಳ್ಳೆ ಶ್ವಾಸಕೋಶ ದಾಟುವಷ್ಟರಲ್ಲಿ ಮಾಯ. ಅದಕ್ಕೇ ಈಗ ರಕ್ತದಲ್ಲಿ ಸುಲಭಕ್ಕೆ ಕರಗದ ಸಲ್ಫರ್ ಹೆಕ್ಸಾಫ್ಲೋರೈಡ್‌ನಂಥ ಅನಿಲಕ್ಕೆ ಕೊಬ್ಬಿನ ತೆಳು ಪೊರೆ ಹೊದಿಸುತ್ತಾರೆ. ಹೆಚ್ಚಿನವು ಕೆಂಪು ರಕ್ತಕಣಕ್ಕಿಂತ ಚಿಕ್ಕವು. ರಕ್ತಕಣ ತೂರುವಲ್ಲೆಲ್ಲ ಇವೂ ತೂರುತ್ತವೆ. ಕೊನೆಗೆ ಅನಿಲ ಉಸಿರಿನಲ್ಲಿ ಹೊರಟುಹೋಗುತ್ತದೆ.

ಅಲ್ಟ್ರಾಸೌಂಡ್ ತಗುಲಿದರೆ ಗುಳ್ಳೆ ಕುಗ್ಗಿ ಹಿಗ್ಗುತ್ತದೆ. ಕುಗ್ಗುವುದು ಕಷ್ಟ, ಹಿಗ್ಗುವುದು ಸುಲಭ. ಈ ಏರುಪೇರಿನಿಂದ ಕಳಿಸಿದ ಶಬ್ದದ ಎರಡರಷ್ಟು ಕಂಪನಾಂಕದ ಪ್ರತಿಧ್ವನಿಯೂ ವಾಪಸ್ ಬರುತ್ತದೆ. ಯಂತ್ರ ಅದನ್ನು ಹೆಕ್ಕಿಕೊಳ್ಳುತ್ತದೆ. ಹೃದಯದ ಸ್ನಾಯು ತೆರೆಯ ಮೇಲೆ ಬೆಳ್ಳಗೆ ಬೆಳಗುತ್ತದೆ.

ನನಗೆ ಮಜಾ ಅನಿಸುವುದು ಇದರ ಮುಂದಿನ ಹೆಜ್ಜೆ. ಶಬ್ದದ ಶಕ್ತಿಯನ್ನು ಒಂದು ಕ್ಷಣ ಜೋರಾಗಿ ಏರಿಸಿ, ಸ್ನಾಯುವಿನೊಳಗಿನ ಗುಳ್ಳೆಗಳನ್ನೆಲ್ಲ ಒಡೆದುಹಾಕುತ್ತಾರೆ. ಸ್ನಾಯು ಕಪ್ಪಾಗುತ್ತದೆ. ಆಮೇಲೆ ರಕ್ತದ ಜೊತೆ ಹೊಸ ಗುಳ್ಳೆಗಳು ಬಂದು ತುಂಬುವವರೆಗೆ ಮೆಲ್ಲಗಿನ ಶಬ್ದದಲ್ಲಿ ಸುಮ್ನೆ ಕಾಯುವುದು. ನಲ್ಲಿಯಲ್ಲಿ ಎಷ್ಟು ನೀರು ಬರುತ್ತಿದೆ ಎಂದು ತಿಳಿಯಲು ಖಾಲಿ ಕೊಡ ಇಟ್ಟು ನೋಡ್ತೀವಲ್ವಾ, ಹಾಗೆ. ಕ್ಯಾಪಿಲರಿಗಳಲ್ಲಿ, ಅಂದರೆ ಅತಿ ಸಣ್ಣ ರಕ್ತನಾಳಗಳಲ್ಲಿ, ರಕ್ತದ ವೇಗ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್. ಅಲ್ಟ್ರಾಸೌಂಡ್ ಕಿರಣದ ದಪ್ಪ ಸುಮಾರು 5 ಮಿಲಿಮೀಟರ್. ಹಾಗಾಗಿ ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಸ್ನಾಯು ಸುಮಾರು 5 ಸೆಕೆಂಡಿನಲ್ಲಿ ಮತ್ತೆ ಬೆಳ್ಳಗಾಗುತ್ತದೆ. ಔಷಧಿ ಕೊಟ್ಟೋ ವ್ಯಾಯಾಮ ಮಾಡಿಸಿಯೋ ಹೃದಯಕ್ಕೆ ಕೆಲಸ ಹೆಚ್ಚಿಸಿದರೆ 2 ಸೆಕೆಂಡು ಸಾಕು. ನಾಳ ಕಿರಿದಾಗಿದ್ದರೆ ಅದರ ಪಾಲಿನ ಜಾಗ ಹಿಂದೆ ಬೀಳುತ್ತದೆ. ಎಷ್ಟು ಬೆಳ್ಳಗಾಯಿತು ಎಂಬುದು ಅಲ್ಲಿರುವ ರಕ್ತದ ಪ್ರಮಾಣ, ಎಷ್ಟು ಬೇಗ ಎಂಬುದು ಅದರ ವೇಗ. ಎರಡನ್ನೂ ಗುಣಿಸಿದರೆ ರಕ್ತದ ಹರಿವಿನ ಅಂದಾಜು ಸಿಗುತ್ತದೆ. 1998ರಲ್ಲಿ ಕೆವಿನ್ ವೇ, ಸಂಜೀವ್ ಕೌಲ್ ಮತ್ತು ಸಂಗಡಿಗರು ಈ ಲೆಕ್ಕವನ್ನು ತೋರಿಸಿಕೊಟ್ಟರು.

‘ಆಂಜಿಯೋಗ್ರಾಂ ಇದೆಯಲ್ಲ, ಇದ್ಯಾಕೆ?’ ಅನ್ನಬಹುದು. ಆಂಜಿಯೋಗ್ರಾಂನಲ್ಲಿ ಕಾಣುವುದು ದೊಡ್ಡ ನಾಳಗಳು ಮಾತ್ರ. ಹೃದಯಾಘಾತವಾದ ಮೇಲೆ ಸ್ಟೆಂಟ್ ಹಾಕಿ, ನಾಳ ಚೆನ್ನಾಗಿ ತೆರೆದುಕೊಂಡಿದ್ದರೂ, ಗುಳ್ಳೆ ಬಿಟ್ಟು ನೋಡಿದಾಗ ಸ್ನಾಯುವಿನ ಒಂದು ಭಾಗ ಕಪ್ಪಾಗಿಯೇ ಉಳಿಯುವುದುಂಟು. ಅಲ್ಲಿ ಕ್ಯಾಪಿಲರಿಗಳೇ ಕಟ್ಟಿಕೊಂಡಿರುತ್ತವೆ.