ಎರೆಮಣ್ಣಿನ ಅಂಗಳದಲ್ಲಿ ನಾಯಿಗೆ ಟರ್ಫ್: ದುಡ್ಡು ಹುಲ್ಲಿಗಿಂತ ಅದರ ಕೆಳಗೆ ಹಾಕಿ

ಹುಬ್ಬಳ್ಳಿ-ಧಾರವಾಡ, ಗದಗ, ವಿಜಯಪುರ ಕಡೆ ನಾಯಿ ಸಾಕಿದವರು ಈಗೀಗ ತುಂಬಾ ಜನ ಆರ್ಟಿಫಿಶಿಯಲ್ ಟರ್ಫ್, ಅಂದ್ರೆ ಪ್ಲಾಸ್ಟಿಕ್ ಹುಲ್ಲಿನ ಹಾಸು, ಕೇಳ್ತಾರೆ. ಕಾರಣ ಗೊತ್ತಿರೋದೇ, ಮಳೆ ಬಂತು ಅಂದ್ರೆ ಎರೆಮಣ್ಣು ನಾಯಿ ಕಾಲಿಗೆ ಮೆತ್ಕೊಂಡು ಬೆರಳಸಂದಿಯಲ್ಲಿ ಗಟ್ಟಿಯಾಗಿ ಕೂತು ಸೀದಾ ಹಾಲ್‌ಗೇ ಬರುತ್ತೆ. ಫೋನ್ ಮಾಡಿದವರು ಮೊದಲು ಕೇಳೋದು "ಸ್ಕ್ವೇರ್ ಫೂಟಿಗೆ ಎಷ್ಟ್ರಿ?" ಅಂತ. ನಾನು ಕೇಳೋದು ಬೇರೆ: ಮಳೆ ನಿಂತ ಮೇಲೆ ಅಂಗಳದಲ್ಲಿ ನೀರು ಎಷ್ಟೊತ್ತು ನಿಲ್ಲುತ್ತೆ, ಹೊರಗೆ ಹೋಗೋಕೆ ದಾರಿ ಯಾವ ಕಡೆ ಇದೆ? ಇವೆರಡಕ್ಕೆ ಉತ್ತರ ಸಿಗೋವರೆಗೂ ಹುಲ್ಲಿನ ಸ್ಯಾಂಪಲ್ ತೆಗಿಯಲ್ಲ.

ಯಾಕಂದ್ರೆ ಎರೆಮಣ್ಣಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಜಾಸ್ತಿ, ನೀರು ಕುಡಿದ್ರೆ ಊದುತ್ತೆ, ಒಣಗಿದ್ರೆ ಕುಗ್ಗಿ ಬಿರುಕು ಬಿಡುತ್ತೆ. ಬೇಸಿಗೆಯಲ್ಲಿ ಕೈ ಇಳಿಯೋ ಅಷ್ಟು ಬಿರುಕಿರೋ ನೆಲಾನೇ ನಾಲ್ಕು ಮಳೆ ಆದ್ಮೇಲೆ ಮುಚ್ಕೊಂಡು ಒಂದು ಲೋಟ ನೀರನ್ನೂ ಬೇಗ ಒಳಗೆ ಬಿಡಲ್ಲ. ಅದರ ಮೇಲೆ ನೇರವಾಗಿ ಟರ್ಫ್ ಹಾಸಿದ್ರೆ ನಾಯಿ ಉಚ್ಚೆ ಎಲ್ಲಿಗೆ ಹೋಗ್ಬೇಕು? ಹುಲ್ಲಿನ ಕೆಳಗೇ ನಿಲ್ಲುತ್ತೆ. ನೀರಿನಂಶ ಆರಿ ಹೋಗುತ್ತೆ, ಯೂರಿಯಾ ಉಳಿಯುತ್ತೆ, ಬ್ಯಾಕ್ಟೀರಿಯಾ ಅದನ್ನ ಅಮೋನಿಯಾ ಮಾಡುತ್ತೆ, ಏಪ್ರಿಲ್ ಬಿಸಿಲಿಗೆ ಕಿಟಕಿ ತೆಗಿಯೋಕಾಗಲ್ಲ. ಆಮೇಲೆ ಎಲ್ರೂ ಹುಲ್ಲಿನ ಕಂಪನಿಯನ್ನ ಬೈತಾರೆ.

ಹಾಗಾಗಿ ಇಲ್ಲಿ ನೀರನ್ನ ಕೆಳಗೆ ಇಳಿಸೋ ಆಸೆ ಬಿಟ್ಟು ಪಕ್ಕಕ್ಕೆ ಹರಿಸೋ ಯೋಚನೆ ಮಾಡ್ಬೇಕು. ಆರರಿಂದ ಎಂಟು ಇಂಚು ಅಗೆದು ತೆಗೀತೀವಿ, ಆಮೇಲೆ ಇಳಿಜಾರು ಕೊಡೋದು ಮೇಲಿನ ಪದರಕ್ಕಲ್ಲ, ಅಗೆದ ಎರೆಮಣ್ಣಿಗೇ. ಇದನ್ನ ತುಂಬಾ ಜನ ಮೇಸ್ತ್ರಿಗಳು ಉಲ್ಟಾ ಮಾಡ್ತಾರೆ, ತಳ ಸಪಾಟಾಗಿ ಬಿಟ್ಟು ಮೇಲೆ ಮಾತ್ರ ಸ್ಲೋಪ್ ಕೊಡ್ತಾರೆ. ನೀರು ಟರ್ಫ್ ದಾಟಿ, ಅದರ ಕೆಳಗೆ ಹಾಕೋ ಖಡಿ (ಜಲ್ಲಿಕಲ್ಲು) ದಾಟಿ, ಜೇಡಿ ಮೇಲೆ ಬಿದ್ದು ಅಲ್ಲಿಂದ ಹರೀಬೇಕಲ್ವಾ, ತಳ ಸಪಾಟಾಗಿದ್ರೆ ಅದೊಂದು ಮುಚ್ಚಿದ ತೊಟ್ಟಿ ಅಷ್ಟೇ. ಹತ್ತು ಅಡಿಗೆ ಒಂದೂವರೆಯಿಂದ ಎರಡು ಇಂಚು ಇಳಿಜಾರು ಸಾಕು, ಆದ್ರೆ ಮನೆಯಿಂದ ಆಚೆ ಕಡೆಗೇ ಇರ್ಬೇಕು. ಪಾಯದ ಪಕ್ಕ ನೀರು ನಿಂತ್ರೆ ಆ ಮಣ್ಣು ಊದಿ ಗೋಡೆ ಬಿರುಕು ಬಿಡುತ್ತೆ, ನಾಯಿಗೋಸ್ಕರ ಮಾಡಿದ ಕೆಲಸ ಮನೆಗೇ ಕಂಟಕ ಆಗ್ಬಾರ್ದು.

ಜೇಡಿ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅಂದ್ರೆ ನೀರು ಬಿಟ್ಟು ಮಣ್ಣು ತಡಿಯೋ ಬಟ್ಟೆ, ನಾನ್-ವೋವನ್ (ನೇಯದೇ ಒತ್ತಿ ಮಾಡಿದ್ದು) ಇರೋದು. ಅದಿಲ್ದೆ ಖಡಿ ಸುರಿದ್ರೆ ಒಂದೆರಡು ಮಳೆಗಾಲದಲ್ಲಿ ಖಡಿ ಕೆಳಗೆ ಹೂತು, ಕೆಸರು ಮೇಲೆ ಬರುತ್ತೆ. ಬಟ್ಟೆ ಮೇಲೆ 20 ಎಂಎಂ ಖಡಿ, ತೊಳೆದದ್ದು, ಪುಡಿ ಇಲ್ದೇ ಇರೋದು, ನಾಲ್ಕರಿಂದ ಆರು ಇಂಚು, ಅದರ ಮೇಲೆ ಒಂದು ಇಂಚು 6 ಎಂಎಂ ಚಿಪ್ಸ್. ದಯವಿಟ್ಟು ಲೆವೆಲ್ ಚೆನ್ನಾಗಿ ಬರುತ್ತೆ ಅಂತ ಸ್ಟೋನ್ ಡಸ್ಟ್ ಹಾಕಿಸ್ಬೇಡಿ, ಅದು ಉಚ್ಚೆ ಹೀರ್ಕೊಂಡು ಗಟ್ಟಿಯಾಗಿ ಕೂತು ವಾಸನೆ ಹಿಡಿದಿಟ್ಕೊಳ್ಳುತ್ತೆ, ಬರೀ ಗರಸು ಹಾಕಿ ಕುಟ್ಟಿದ್ರೂ ರಸ್ತೆ ತರ ಬಿಗಿಯಾಗಿ ಅದೇ ಕಥೆ. ತಗ್ಗಿರೋ ಕಡೆ ತೂತಿನ ನಾಲ್ಕು ಇಂಚಿನ ಪಿವಿಸಿ ಪೈಪ್, ಅದಕ್ಕೂ ಬಟ್ಟೆ ಸುತ್ತಿ, ಗಟಾರಕ್ಕೆ ಬಿಡಿ. ಮಳೆಕೊಯ್ಲಿನ ಸಂಪ್‌ಗೋ ಬೋರ್‌ವೆಲ್ ರೀಚಾರ್ಜ್ ಗುಂಡಿಗೋ ಇದನ್ನ ಜೋಡಿಸ್ಲೇಬೇಡಿ, ಇದು ಉಚ್ಚೆ ಸೇರಿದ ನೀರು. ಇಂಗುಗುಂಡಿ ತೋಡಿದ್ರೂ ಎರೆಮಣ್ಣಲ್ಲಿ ತುಂಬಿ ನಿಲ್ಲುತ್ತೆ ಅಷ್ಟೇ. ಟರ್ಫ್ ಹಾಸೋಕೆ ಮುಂಚೆ ಖಡಿ ಮೇಲೆ ಹತ್ತು ಕೊಡ ನೀರು ಸುರಿಸಿ, ಪೈಪ್ ಬಾಯಲ್ಲಿ ಹೊರಗೆ ಬರೋದನ್ನ ನಿಂತು ನೋಡಿ, ಆಮೇಲೆ ಮುಂದಿನ ಕಂತು ಕೊಡಿ.

"ಇಷ್ಟೆಲ್ಲಾ ಯಾಕ್ರಿ, ಕಾಂಕ್ರೀಟ್ ಹಾಕಿಬಿಡೋಣ" ಅನ್ನೋರಿದ್ದಾರೆ. ಎರೆಭೂಮಿಯಲ್ಲಿ ಕಾಲುವೆ ಕಟ್ಟುವಾಗ ಊದದ ಮಣ್ಣಿನ ಪದರ ಹಾಕೋ ವಿಧಾನ ಇದೆಯಲ್ಲ, ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ರೂಪಿಸಿದ್ದು, ಅಲ್ಲಿ ಆ ಪದರ ಅಂದಾಜು ಒಂದು ಮೀಟರ್ ದಪ್ಪ ಬೇಕು ಊದೋದನ್ನ ತಡಿಯೋಕೆ. ನಮ್ಮ ಅಂಗಳದ ಮೂರು ಇಂಚು ಕಾಂಕ್ರೀಟ್ ಯಾವ ಲೆಕ್ಕ? ಸೀಳುತ್ತೆ, ಸೀಳಲ್ಲಿ ಉಚ್ಚೆ ಇಳಿಯುತ್ತೆ, ತೊಳಿಯೋಕೂ ಆಗಲ್ಲ. ನೆಲ ಅಲುಗಾಡೋದಂತೂ ನಿಲ್ಲಲ್ಲ, ಖಡಿ ಆದ್ರೆ ಅದರ ಜೊತೆ ಸ್ವಲ್ಪ ಸರಿದು ಹೊಂದ್ಕೊಳ್ಳುತ್ತೆ. ಅಂಚಿನ ಮೊಳೆನೂ ಬರೀ ಮಣ್ಣಿಗೆ ಹೊಡೀಬೇಡಿ, ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಸಡಿಲ ಆಗಿ ಮೇಲೆ ಬರ್ತಾವೆ, ನಾಯಿ ಕಾಲಿಗೆ ಚುಚ್ತಾವೆ. ಸುತ್ತ ರೀಸೈಕಲ್ಡ್ ಪ್ಲಾಸ್ಟಿಕ್ ಪಟ್ಟಿ ಕೂರಿಸಿ ಅದಕ್ಕೆ ಸ್ಕ್ರೂ ಹಾಕಿ. ಮುಧೋಳ ನಾಯಿ ಇರೋ ಮನೆಯಲ್ಲಿ ಜಾಯಿಂಟ್ ಆದಷ್ಟು ಕಮ್ಮಿ ಇರಲಿ, ಅವು ಓಡ್ತಾ ಓಡ್ತಾ ಗಕ್ಕನೆ ತಿರುಗುವಾಗ ಉಗುರಿನ ಜೋರು ಪೂರ್ತಿ ಅಲ್ಲೇ ಬೀಳುತ್ತೆ.

ಹುಲ್ಲು 25ರಿಂದ 30 ಎಂಎಂ ಸಾಕು, ಉದ್ದ ಇದ್ದಷ್ಟೂ ಕಕ್ಕ ಎತ್ತೋದು ಕಷ್ಟ. ಮಾಮೂಲಿ ಟರ್ಫ್‌ನ ಹಿಂಬದಿಗೆ ಅಲ್ಲಲ್ಲಿ ಮಾತ್ರ ತೂತಿರುತ್ತೆ, ಎರಡು ತೂತಿನ ಮಧ್ಯೆ ಉಚ್ಚೆ ಉಳಿಯುತ್ತೆ, ಪೂರ್ತಿ ನೀರು ಬಿಡೋ ಬ್ಯಾಕಿಂಗ್ ಇರೋದು ಕೇಳಿ ತಗೊಳ್ಳಿ. ಮೇಲೆ ಮರಳಿನ ಬದಲು ಜಿಯೋಲೈಟ್ ಅನ್ನೋ ಖನಿಜದ ಹರಳು ಹಾಕಿದ್ರೆ ಅಮೋನಿಯಂ ಹಿಡ್ಕೊಳ್ಳುತ್ತೆ, ಆದ್ರೆ ಅದಕ್ಕೂ ಒಂದು ಮಿತಿ ಇದೆ, ಪೈಪ್ ಹಿಡಿದು ನೀರು ಹಾಯಿಸೋ ಕೆಲಸ ತಪ್ಪಲ್ಲ. ತೊಳಿಯೋಕೆ ಬ್ಲೀಚಿಂಗ್ ಪೌಡರ್ ಮಾತ್ರ ಬೇಡವೇ ಬೇಡ, ಉಚ್ಚೆಯ ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಅನ್ನೋ ವಿಷಗಾಳಿ ಆಗುತ್ತೆ, ನಾಯಿ ಮೂಗು ನೆಲಕ್ಕೇ ಇರುತ್ತೆ ಅನ್ನೋದು ನೆನಪಿರಲಿ. ವಿನೆಗರ್ ನೀರು ಅಥವಾ ಎಂಜೈಮ್ ಕ್ಲೀನರ್ ಬಳಸಿ.

ಇನ್ನು ಬಿಸಿಲು. ನಮ್ಮ ಮೇ ತಿಂಗಳಲ್ಲಿ ಟರ್ಫ್ 60 ಡಿಗ್ರಿ ದಾಟುತ್ತೆ, ಅಂಗೈ ಐದು ಸೆಕೆಂಡ್ ಇಡೋಕಾಗಲ್ಲ ಅಂದ್ರೆ ನಾಯಿ ಪಾದಾನೂ ಸುಡುತ್ತೆ, ನೀರು ಹಾಕಿದ್ರೆ ತಣ್ಣಗಿರೋದು ಸ್ವಲ್ಪ ಹೊತ್ತು ಮಾತ್ರ. ಅದಕ್ಕೇ ಅಂಗಳ ಪೂರ್ತಿ ಹಾಸ್ಬೇಡಿ ಅಂತ ನಾನು ಗ್ರಾಹಕರ ಹತ್ರ ಜಗಳಾನೇ ಮಾಡ್ತೀನಿ. ಮರದ ನೆರಳಿಗೋ ಶೇಡ್ ನೆಟ್ ಕೆಳಗೋ ಹತ್ತು ಬೈ ಹದಿನೈದು ಅಡಿ ಸರಿಯಾಗಿ ಮಾಡ್ಸಿ, ಉಳಿದ ಜಾಗಕ್ಕೆ ಗರಸು ಅಥವಾ ಶಹಾಬಾದಿ ಫರ್ಸಿ ಹಾಕಿ. ಅದೇ ದುಡ್ಡಲ್ಲಿ ತಳ ಗಟ್ಟಿಯಾಗುತ್ತೆ.

ಕೆಲಸಕ್ಕೆ ನವೆಂಬರ್, ಡಿಸೆಂಬರ್ ಒಳ್ಳೇದು. ಹಸಿ ಎರೆಮಣ್ಣು ಕುಟ್ಟಿದ್ರೆ ಕೂರಲ್ಲ, ಜಿಗಿಯುತ್ತೆ, ಪೂರ್ತಿ ಒಣಗಿ ಬಿರುಕು ಬಿಟ್ಟಾಗ ಮಾಡಿದ ಲೆವೆಲ್ ಮಳೆಗಾಲಕ್ಕೆ ಎದ್ದು ಬರುತ್ತೆ. ಜೂನ್‌ನಲ್ಲಿ ಅರ್ಜೆಂಟ್ ಅಂತ ಫೋನ್ ಮಾಡೋರಿಗೆ ನಾನು ಬಂದು ಅಳತೆ ತಗೊಂಡು ಪೈಪ್ ದಾರಿ ಗುರುತು ಮಾಡಿ ಹೋಗ್ತೀನಿ, ಅಗೆಯೋದು ಮಳೆ ಮುಗಿದ ಮೇಲೇನೇ.